ಬರ ಬಂದಿದೆ ಅಂತ ಹೇಳೋದು ಯಾರು?

ಭಾಗ 1

ಫೋಟೊದಲ್ಲಿ ಕಾಣ್ತಿರೋದು ನಮ್ಮೂರ ಕೆರೆ. ಚಳ್ಳಕೆರೆ ತಾಲ್ಲೂಕು, 2024ರ ಮೇ ತಿಂಗಳು. ಏರಿ ಮೇಲೆ ನಿಂತು ಕೈ ಚಾಚಿರೋದು ನಮ್ಮಜ್ಜಿ. ಅವರು ತೋರಿಸ್ತಿರೋದು ನೀರನ್ನಲ್ಲ, ನೀರು ಇರಲೇ ಇಲ್ಲ. "ಅಗೋ, ಆ ತೂಬಿನ ಹತ್ರ ಇದ್ದ ಹೂಳು ನಾನೇ ಹೊತ್ತಿದ್ದು ಕಣವ್ವ, ಲಗ್ನ ಆದ ಹೊಸದ್ರಲ್ಲಿ" ಅಂತ ಹೇಳ್ತಿದ್ರು.

ಅದು 1972ರ ಬರ. ಆಗಿನ್ನೂ ನಮ್ಮ ರಾಜ್ಯದ ಹೆಸರು ಮೈಸೂರು ಅಂತಲೇ ಇತ್ತು. ಊರಿನ ಅರ್ಧಕ್ಕರ್ಧ ಜನ ಸರ್ಕಾರದ ಬರಗಾಲದ ಕೆಲಸಕ್ಕೆ ಹೋಗಿದ್ರಂತೆ. ಬುಟ್ಟಿ ಲೆಕ್ಕ, ಒಂದಿಷ್ಟು ಕೂಲಿ, ಒಂದಿಷ್ಟು ಕೆಂಪು ಜೋಳ. ಆ ಜೋಳದ ಮುದ್ದೆ ಗಂಟಲಲ್ಲಿ ಇಳೀತಿರ್ಲಿಲ್ಲ ಅಂತ ಅಜ್ಜಿ ಇವತ್ತಿಗೂ ಮುಖ ಕಿವುಚ್ತಾರೆ.

ನಾನು ಬಿಕಾಂ ಓದ್ತಿರೋಳು. ಇತಿಹಾಸ ನನ್ನ ಸಬ್ಜೆಕ್ಟ್ ಅಲ್ಲ. ಆದ್ರೂ ಆ ದಿನ ಅಜ್ಜಿ ಕೇಳಿದ ಒಂದು ಪ್ರಶ್ನೆ ತಲೇಲಿ ಉಳೀತು. "ಆಗ ಬರ ಅಂದ್ರೆ ಹೋಗಿ ನಿಂತ್ರೆ ಸಾಕಿತ್ತು, ಬುಟ್ಟಿ ಕೊಡೋರು. ಈಗ ಬರ ಅಂತ ಟೀವೀಲಿ ಹೇಳ್ತಾರೆ. ನಮ್ಮನೇಗೆ ಯಾಕೆ ಏನೂ ಬರ್ಲಿಲ್ಲ?"

ಉತ್ತರ ಹುಡುಕ್ತಾ ಹೋದ್ರೆ ಸುಮಾರು 150 ವರ್ಷ ಹಿಂದಕ್ಕೆ ಹೋಗ್ಬೇಕಾಯ್ತು. ಮಳೆ ಬರದೇ ಇರೋದು ಒಂದು ವಿಷಯ. "ಬರ ಬಂದಿದೆ" ಅಂತ ಸರ್ಕಾರ ಕಾಗದದ ಮೇಲೆ ಬರೆಯೋದು ಬೇರೆಯೇ ವಿಷಯ. ಈ ಸರಣಿ ಎರಡನೆಯದರ ಬಗ್ಗೆ. ಎಂಟು ಭಾಗ ಇದೆ, ಕೆಲವು ಉದ್ದ, ಕೆಲವು ಚಿಕ್ಕವು. ನಿಧಾನಕ್ಕೆ ಓದಿ.

ಭಾಗ 2

ನಿಮ್ಮ ಮನೆಯಲ್ಲಿ ತುಂಬ ಹಿರಿಯರಿದ್ರೆ "ಧಾತು ಬರ", "ಧಾತು ಈಶ್ವರ ಬರ" ಅನ್ನೋ ಮಾತು ಕೇಳಿರ್ತೀರಿ. 1876-77 ಧಾತು ಸಂವತ್ಸರ, ಅದರ ಮರುವರ್ಷ ಈಶ್ವರ. ಯುಗಾದಿ ದಿನ ಪಂಚಾಂಗದಲ್ಲಿ ಓದೋ ಹೆಸರುಗಳೇ ಬರದ ಹೆಸರಾಗಿ ಉಳಿದ್ವು.

ಆಗ ಮೈಸೂರಲ್ಲಿ ಒಡೆಯರ ಆಡಳಿತ ಇರ್ಲಿಲ್ಲ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರ್‌ಗಳೇ ರಾಜ್ಯ ನಡೆಸ್ತಿದ್ದದ್ದು. 1876ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. 1877ರ ಮಳೆಯೂ ಸಮಯಕ್ಕೆ ಬರ್ಲಿಲ್ಲ.

ಎಷ್ಟು ಜನ ಸತ್ತರು? ಇಲ್ಲಿ ಎರಡು ಸಂಖ್ಯೆ ಪಕ್ಕ ಪಕ್ಕ ಇಟ್ಟು ನೋಡಿ. 1871ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಜನಸಂಖ್ಯೆ ಏರಬೇಕಿತ್ತು. ಅದು ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿದಿದೆ.

ಅದೇ ಹೊತ್ತಿಗೆ, 1877ರ ಜನವರಿ 1ಕ್ಕೆ, ವೈಸ್‌ರಾಯ್ ಲಿಟ್ಟನ್ ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನ ಭಾರತದ ಚಕ್ರವರ್ತಿನಿ ಅಂತ ಸಾರೋ ದರ್ಬಾರ್ ನಡೆಸ್ತಿದ್ದ. ಅದಾದ ಮೇಲೆ ದಕ್ಷಿಣಕ್ಕೆ ಕಳಿಸಿದ್ದು ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿಯನ್ನ. ಜನ ಉಳಿಸೋಕೆ ಅನ್ನೋದಕ್ಕಿಂತ ಖರ್ಚಿಗೆ ಕಡಿವಾಣ ಹಾಕೋಕೆ.

ಈ ಟೆಂಪಲ್ ಕಥೆ ನಂಗೆ ತುಂಬ ವಿಚಿತ್ರ ಅನ್ಸುತ್ತೆ. 1873-74ರಲ್ಲಿ ಬಂಗಾಳ, ಬಿಹಾರದ ಕಡೆ ಬರ ಬಂದಾಗ ಇದೇ ಮನುಷ್ಯ ಬರ್ಮಾದಿಂದ ಅಕ್ಕಿ ತರಿಸಿ ಹಂಚಿದ್ದ. ಹಸಿವಿನಿಂದ ಸತ್ತವರು ಇಲ್ಲ ಅನ್ನೋ ಮಟ್ಟಕ್ಕೆ ಕೆಲಸ ಆಗಿತ್ತು. ಅದಕ್ಕೆ ಅವನಿಗೆ ಸಿಕ್ಕಿದ್ದು ಬಹುಮಾನ ಅಲ್ಲ, ದುಂದುವೆಚ್ಚ ಮಾಡಿದ ಅನ್ನೋ ಬೈಗುಳ. ಆ ಬೈಗುಳ ತಿಂದವನು ಮೂರು ವರ್ಷದ ಮೇಲೆ ಮದ್ರಾಸ್ ಪ್ರಾಂತ್ಯಕ್ಕೆ ಬಂದು, ಪರಿಹಾರ ಕಾಮಗಾರಿಯಲ್ಲಿ ದುಡಿಯೋ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದಷ್ಟು ಕೂಲಿ, ಮೇಲೆ ಒಂದಿಷ್ಟು ಪುಡಿಗಾಸು ಸಾಕು ಅಂದ. ಒಂದು ಪೌಂಡ್ ಅಂದ್ರೆ ಸುಮಾರು 450 ಗ್ರಾಂ. ಕಲ್ಲು ಒಡೆಯೋ ಮನುಷ್ಯನಿಗೆ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾಕ್ಟರ್ ಕಾರ್ನಿಶ್, ಇಷ್ಟರಲ್ಲಿ ದೇಹ ಉಳಿಯಲ್ಲ ಅಂತ ಕಾಗದದ ಮೇಲೆ ಕಾಗದ ಬರೆದು ಜಗಳ ಆಡಿದ. ಕೆಲವು ತಿಂಗಳ ಮೇಲೆ ಕೂಲಿ ಏರಿಸಿದ್ರು. ಅಷ್ಟರಲ್ಲಿ ಎಷ್ಟೋ ಜನ ಹೋಗಿಬಿಟ್ಟಿದ್ರು.

ಖರ್ಚು ಮಾಡಿ ಜನ ಉಳಿಸಿದ್ರೆ ಬೈಗುಳ, ಖರ್ಚು ಉಳಿಸಿ ಜನ ಸತ್ರೆ ವರದಿ. ಅಧಿಕಾರಿ ಆದವನು ಯಾವ ಪಾಠ ಕಲೀತಾನೆ ಹೇಳಿ.

ಭಾಗ 3

1877ರ ಸೆಪ್ಟೆಂಬರ್ ಹೊತ್ತಿಗೆ ಲಿಟ್ಟನ್ ಖುದ್ದಾಗಿ ದಕ್ಷಿಣಕ್ಕೆ ಬಂದ. ಮೈಸೂರಿನ ಪರಿಹಾರದ ಕೆಲಸ ನೋಡ್ಕೊಳ್ಳೋಕೆ ಚಾರ್ಲ್ಸ್ ಎಲಿಯಟ್ ಅನ್ನೋನನ್ನ ಕ್ಷಾಮ ಕಮಿಷನರ್ ಮಾಡಿದ್ರು. ಹೆಸರು ನೆನಪಿಟ್ಕೊಳ್ಳಿ. ಇವನು ಸುಮ್ಮನೆ ಬಂದು ಹೋದವನಲ್ಲ.

ಬರ ಮುಗಿದ ಮೇಲೆ ರಿಚರ್ಡ್ ಸ್ಟ್ರಾಚಿ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗ ಕೂತಿತು. ಅದರ ಕಾರ್ಯದರ್ಶಿ ಇದೇ ಎಲಿಯಟ್. 1880ರಲ್ಲಿ ಆಯೋಗದ ವರದಿ ಬಂತು, 1883ರಲ್ಲಿ ಕ್ಷಾಮ ಸಂಹಿತೆಯ ಕರಡು. ಅದನ್ನ ನೋಡ್ಕೊಂಡು ಒಂದೊಂದು ಪ್ರಾಂತ್ಯವೂ ತನ್ನ ತನ್ನ ಸಂಹಿತೆ ಮಾಡ್ಕೊಳ್ತು. ಅಂದ್ರೆ ಇಡೀ ದೇಶದಲ್ಲಿ ಬರವನ್ನ ಹೇಗೆ ಗುರುತಿಸ್ಬೇಕು, ಹೇಗೆ ಘೋಷಿಸ್ಬೇಕು ಅನ್ನೋ ನಿಯಮ ಬರೆಯೋದ್ರಲ್ಲಿ ನಮ್ಮ ಮೈಸೂರಿನ ಸಾವುಗಳನ್ನ ಕಣ್ಣಾರೆ ಕಂಡವನ ಕೈ ಇತ್ತು.

ಆ ಸಂಹಿತೆಯ ಒಳಗೆ ಏನಿತ್ತು ಅನ್ನೋದೇ ಈ ಸರಣಿಯ ಮುಖ್ಯ ವಿಷಯ, ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಮುನ್ಸೂಚನೆ. ಅಧಿಕಾರಿಗಳು ಯಾವುದರ ಮೇಲೆ ಕಣ್ಣಿಡಬೇಕು? ಮಳೆ ಒಂದೇ ಅಲ್ಲ. ಧಾನ್ಯದ ಬೆಲೆ ಏರ್ತಿದೆಯಾ, ಸಾಹುಕಾರರು ಸಾಲ ಕೊಡೋದು ನಿಲ್ಲಿಸಿದ್ರಾ, ಜನ ಗುಂಪು ಗುಂಪಾಗಿ ಊರು ಬಿಟ್ಟು ಅಲೀತಿದ್ದಾರಾ, ಸಣ್ಣಪುಟ್ಟ ಕಳ್ಳತನ ಹೆಚ್ಚಾಗಿದೆಯಾ. ಸಾಲ ಸಿಗದೇ ಇರೋದನ್ನ ಬರದ ಲಕ್ಷಣ ಅಂತ ಗುರುತಿಸಿದ್ದು ನೋಡಿ ನಂಗೆ ನಿಜಕ್ಕೂ ಆಶ್ಚರ್ಯ ಆಯ್ತು. ಊರಲ್ಲಿ ಬೆಳೆದವರಿಗೆ ಇದು ಗೊತ್ತು. ಆಗಸ್ಟ್‌ನಲ್ಲಿ ಗೊಬ್ಬರದಂಗಡಿಯವನು ಉದ್ರಿ ಪುಸ್ತಕ ಮುಚ್ಚಿದ ಅಂದ್ರೆ ಹವಾಮಾನ ಇಲಾಖೆಗಿಂತ ಮೊದಲೇ ಅವನಿಗೆ ಮಳೆ ಲೆಕ್ಕ ಗೊತ್ತಾಗಿದೆ ಅಂತ.

ಲಕ್ಷಣ ಕಂಡ ಮೇಲೆ ಪರೀಕ್ಷೆ. ಕಲ್ಲು ಒಡೆಯೋದು, ಮಣ್ಣು ಹೊರೋದು ಇಂಥ ಕಷ್ಟದ ಕೆಲಸ ತೆರೀತಾರೆ. ಕೂಲಿ ಹೊಟ್ಟೆಗಾಗುವಷ್ಟೇ. ಜನ ಬರ್ಲಿಲ್ಲ ಅಂದ್ರೆ ಇನ್ನೂ ಬರ ಇಲ್ಲ. ಅಷ್ಟು ಕಡಿಮೆ ಕೂಲಿಗೂ ಸಾವಿರಾರು ಜನ ಬಂದು ನಿಂತ್ರೆ ಬರ ಬಂದಿದೆ ಅಂತ ಅರ್ಥ. ಆಮೇಲೆ ಅಭಾವ, ಕ್ಷಾಮ ಅಂತ ಹಂತ ಹಂತವಾಗಿ ಘೋಷಣೆ. ಘೋಷಣೆ ಮಾಡೋ ಅಧಿಕಾರ ಪ್ರಾಂತ್ಯ ಸರ್ಕಾರದ್ದು. ಮುದುಕರು, ರೋಗಿಗಳು, ದುಡಿಯೋಕಾಗದವರಿಗೆ ಕೆಲಸ ಕೇಳದೇ ಕೊಡೋ ನೆರವು ಬೇರೆ. ಅದಕ್ಕೆ ಇಂಗ್ಲಿಷಲ್ಲಿ ಗ್ರ್ಯಾಚುಯಿಟಸ್ ರಿಲೀಫ್ ಅಂತಿದ್ರು. ಈ ಪದ ಮತ್ತೆ 2023ರಲ್ಲಿ ಸಿಗುತ್ತೆ, ನೆನಪಿರಲಿ.

ಈ ಪರೀಕ್ಷೆ ಕ್ರೂರ. ಹಸಿದವನು ನಿಜವಾಗ್ಲೂ ಹಸಿದಿದ್ದಾನಾ ಅಂತ ತಿಳಿಯೋಕೆ ಅವನ ಕೈಲಿ ಕಲ್ಲು ಒಡೆಸೋದು. ಆದ್ರೆ ಅದರಲ್ಲಿ ಒಂದು ವಿಷಯ ಇತ್ತು: ಯಾರ ಹೆಸರಲ್ಲಿ ಎಷ್ಟು ಜಮೀನಿದೆ ಅಂತ ಅದು ಕೇಳ್ತಿರ್ಲಿಲ್ಲ. ಬಂದು ನಿಂತ ದೇಹವನ್ನ ಲೆಕ್ಕ ಹಾಕ್ತಿತ್ತು. ಅಜ್ಜಿ "ಹೋಗಿ ನಿಂತ್ರೆ ಸಾಕಿತ್ತು" ಅಂದಿದ್ದು ಇದನ್ನೇ.

ಭಾಗ 4

ಕಾಮರ್ಸ್ ಓದೋರು ಕೈ ಎತ್ತಿ, ಇದು ನಿಮಗೆ.

ಬರ ಮುಗಿದಾಗ ಮೈಸೂರು ರಾಜ್ಯದ ತಲೆ ಮೇಲೆ ಭಾರತ ಸರ್ಕಾರದ 80 ಲಕ್ಷ ರೂಪಾಯಿ ಸಾಲ ಇತ್ತು. 1881ರಲ್ಲಿ ರಾಜ್ಯವನ್ನ ಚಾಮರಾಜೇಂದ್ರ ಒಡೆಯರ ಕೈಗೆ ವಾಪಸ್ ಕೊಟ್ಟಾಗ ಆ ಸಾಲವನ್ನೂ ಜೊತೆಗೇ ಕೊಟ್ರು. ಬರ ನಿಭಾಯಿಸಿದ್ದು ಬ್ರಿಟಿಷ್ ಕಮಿಷನರ್, ಸಾಲ ತೀರಿಸಬೇಕಾಗಿದ್ದು ದಿವಾನ್ ರಂಗಾಚಾರ್ಲು. ಬೆಂಗಳೂರು-ಮೈಸೂರು ರೈಲು ಮಾರ್ಗದ ಕೆಲಸ ಶುರುವಾಗಿದ್ದೂ ಬರದ ಕಾಲದಲ್ಲೇ, ಪರಿಹಾರ ಕಾಮಗಾರಿಯಾಗಿ. ಮುಂದಿನ ಸಲ ಮೈಸೂರಿಗೆ ರೈಲಲ್ಲಿ ಹೋಗುವಾಗ ಕಿಟಕಿ ಸೀಟು ಸಿಕ್ರೆ ಹಳಿಯ ಕೆಳಗಿನ ಮಣ್ಣು ನೋಡಿ.

ನಮ್ಮ ಅಕೌಂಟಿಂಗ್ ಕ್ಲಾಸಲ್ಲಿ ಪ್ರಾವಿಷನ್ ಅಂತ ಒಂದು ಪಾಠ ಇದೆ. ಮುಂದೆ ದುಡ್ಡು ಕೊಡಲೇಬೇಕಾಗುತ್ತೆ ಅಂತ ಗೊತ್ತಾದ ಕೂಡಲೇ ಅದನ್ನ ಈ ವರ್ಷದ ಪುಸ್ತಕದಲ್ಲೇ ಬರೀಬೇಕು. ಬರೆಯದೇ ಇಟ್ರೆ ಲಾಭ ಚೆನ್ನಾಗಿ ಕಾಣುತ್ತೆ, ಆದ್ರೆ ಅದು ಸುಳ್ಳು ಲೆಕ್ಕ. ಬರ ಘೋಷಣೆಯೂ ನಂಗೆ ಹಾಗೇ ಕಾಣುತ್ತೆ. ಘೋಷಣೆ ಅಂದ್ರೆ ಇಷ್ಟು ಜನರ ಹೊಟ್ಟೆ, ನೀರು, ಮೇವು ನನ್ನ ಜವಾಬ್ದಾರಿ ಅಂತ ಸರ್ಕಾರ ಸಹಿ ಹಾಕೋದು. ಸಹಿ ಹಾಕಿದ ಮೇಲೆ ಕೊಡಬೇಕು. ಅದಕ್ಕೇ ಸಹಿ ಹಾಕೋ ಪೆನ್ನು ಯಾವಾಗಲೂ ಸ್ವಲ್ಪ ತಡವಾಗಿ ಸಿಗುತ್ತೆ.

ಭಾಗ 5

ಇದು ಬರೀ ನನ್ನ ಅನುಮಾನ ಅನ್ಕೋಬೇಡಿ. 1943ರ ಬಂಗಾಳ ನೋಡಿ. ಲಕ್ಷಾಂತರ ಜನ ಸತ್ತ ಆ ವರ್ಷ ಬಂಗಾಳ ಸರ್ಕಾರ ಕ್ಷಾಮ ಸಂಹಿತೆಯ ಪ್ರಕಾರ ಕ್ಷಾಮ ಘೋಷಿಸಲೇ ಇಲ್ಲ. ಕಲ್ಕತ್ತದ ಬೀದಿಯಲ್ಲಿ ಹೆಣ ಬಿದ್ದಿದ್ರೂ ಕಾಗದದ ಮೇಲೆ ಕ್ಷಾಮ ಇಲ್ಲ. ಘೋಷಿಸಿದ್ರೆ ಸಂಹಿತೆ ಹೇಳಿದಷ್ಟು ಧಾನ್ಯ ಕೊಡಬೇಕಾಗುತ್ತೆ, ಅಷ್ಟು ಧಾನ್ಯ ನಮ್ಮ ಹತ್ರ ಇಲ್ಲ ಅನ್ನೋದು ಒಳಗಿನ ಕಾರಣ. ಅಮರ್ತ್ಯ ಸೇನ್ ತಮ್ಮ ಪುಸ್ತಕದಲ್ಲಿ ಇದನ್ನ ಬರೆದಿದ್ದಾರೆ.

ಅದೆಲ್ಲ ಬ್ರಿಟಿಷರ ಕಾಲ ಬಿಡಿ ಅನ್ನೋ ಹಾಗೂ ಇಲ್ಲ. 2016ರ ಮೇ 11ಕ್ಕೆ ಸ್ವರಾಜ್ ಅಭಿಯಾನ್ ಕೇಸಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಬಿಹಾರ, ಗುಜರಾತ್, ಹರಿಯಾಣ ಸರ್ಕಾರಗಳು ಬರ ಒಪ್ಕೊಳ್ಳೋಕೆ ಹಿಂದೇಟು ಹಾಕಿದ್ದನ್ನ ಮರಳಲ್ಲಿ ತಲೆ ಹುದುಗಿಸೋ ಉಷ್ಟ್ರಪಕ್ಷಿಗೆ ಹೋಲಿಸಿತು. ಬರ ನಿರ್ವಹಣಾ ಕೈಪಿಡಿಯನ್ನ ಆ ವರ್ಷದೊಳಗೇ ತಿದ್ದಿ ಬರೀಬೇಕು ಅಂತ ಕೇಂದ್ರಕ್ಕೆ ಹೇಳಿದ್ದೂ ಇದೇ ತೀರ್ಪು.

ಭಾಗ 6

ಮತ್ತೆ ನಮ್ಮ ಕಡೆ ಬರೋಣ. ಫೋಟೊದಲ್ಲಿರೋದು ಅಜ್ಜಿಯ ಟ್ರಂಕಲ್ಲಿ ಸಿಕ್ಕ ಹಳೇ ಒಂದಾಣೆ ಬಿಲ್ಲೆ. ಇದಕ್ಕೂ ಬರಕ್ಕೂ ಏನು ಸಂಬಂಧ ಅಂತೀರಾ?

ಹಿಂದೆ ಬೆಳೆ ಎಷ್ಟು ಬಂತು ಅನ್ನೋದನ್ನ ಆಣೆಯಲ್ಲಿ ಹೇಳ್ತಿದ್ರು. ರೂಪಾಯಿಗೆ 16 ಆಣೆ, ಹಾಗಾಗಿ ತುಂಬು ಬೆಳೆ ಅಂದ್ರೆ 16 ಆಣೆ ಬೆಳೆ. ಅರ್ಧ ಬಂದ್ರೆ 8 ಆಣೆ. ಇದಕ್ಕೆ ಆಣೆವಾರಿ ಅಂತ ಹೆಸರು. ಹೊಲ ನೋಡಿ, ಇಷ್ಟು ಆಣೆ ಅಂತ ಅಂದಾಜು ಮಾಡಿ ಬರೀತಿದ್ರು. ಆ ಅಂಕಿ ಮೇಲೆ ಕಂದಾಯ ವಸೂಲಿ ಮುಂದೂಡೋದಾ, ಮಾಫಿ ಮಾಡೋದಾ ಅನ್ನೋ ತೀರ್ಮಾನ. ಆಣೆ ಹೋಗಿ ಪೈಸೆ ಬಂದ ಮೇಲೆ ಪೈಸೆವಾರಿ ಆಯ್ತು. ಪಕ್ಕದ ಮಹಾರಾಷ್ಟ್ರದಲ್ಲಿ 50 ಪೈಸೆಗಿಂತ ಕಡಿಮೆ ಅಂದ್ರೆ ಬರದ ಊರು ಅನ್ನೋ ಲೆಕ್ಕ ತೀರಾ ಇತ್ತೀಚಿನವರೆಗೂ ಇತ್ತು. "ಹದಿನಾರಾಣೆ ಸತ್ಯ" ಅಂತ ನಾವು ಅಂತೀವಲ್ಲ, ಅದೇ ಆಣೆ.

ಇದರ ತೊಂದರೆ ನಿಮಗೇ ಗೊತ್ತಾಗಿರುತ್ತೆ. ಬೆಳೆ ಕಟಾವಿಗೆ ಬರೋವರೆಗೂ ಎಷ್ಟು ಆಣೆ ಅಂತ ಹೇಳೋಕಾಗಲ್ಲ. ಬಿತ್ತನೆಯೇ ಆಗದ ಹೊಲಕ್ಕೆ ಆಣೆ ಎಲ್ಲಿಂದ ಬರಬೇಕು?

ಆ ಕಣ್ಣಂದಾಜಿನ ಜಾಗಕ್ಕೆ ಅಂಕಿಅಂಶ ತರೋದ್ರಲ್ಲಿ ಕರ್ನಾಟಕ ನಿಜವಾಗ್ಲೂ ಮುಂದೆ ಇತ್ತು, ಹೇಳ್ಲೇಬೇಕು. 1988ರಲ್ಲೇ ಬರ ಗಮನಿಸೋಕೆ ಅಂತಲೇ ಒಂದು ಕೋಶ ಶುರುವಾಯ್ತು, ದೇಶದಲ್ಲೇ ಮೊದಲು. ಅದೇ ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯ್ತಿಗೊಂದರಂತೆ ರಾಜ್ಯದ ತುಂಬ ಆರು ಸಾವಿರಕ್ಕೂ ಹೆಚ್ಚು ಮಳೆಮಾಪನ ಯಂತ್ರಗಳಿವೆ, ತಾವೇ ಲೆಕ್ಕ ಕಳಿಸ್ತವೆ. ನಿಮ್ಮ ಪಂಚಾಯ್ತಿ ಕಟ್ಟಡದ ಹತ್ರ ಬೇಲಿ ಹಾಕಿರೋ ಸೋಲಾರ್ ಕಂಬ ನೋಡಿರಬಹುದು, ಅದೇ.

2016ರಲ್ಲಿ ತಿದ್ದಿದ ಕೈಪಿಡಿ ಪ್ರಕಾರ ಮೊದಲ ಮೆಟ್ಟಿಲು ಮಳೆ: ವಾಡಿಕೆಗಿಂತ ಎಷ್ಟು ಕೊರತೆ, ಮಳೆಯಿಲ್ಲದೆ ಸತತ ಮೂರು-ನಾಲ್ಕು ವಾರ ಕಳೀತಾ ಅಂತ. ಅದು ದಾಟಿದ್ರೆ ಎರಡನೇ ಮೆಟ್ಟಿಲು. ಎಷ್ಟು ಬಿತ್ತನೆ ಆಗಿದೆ, ಉಪಗ್ರಹದ ಚಿತ್ರದಲ್ಲಿ ಹಸಿರು ಎಷ್ಟು ಕಾಣುತ್ತೆ, ಮಣ್ಣಲ್ಲಿ ತೇವ ಎಷ್ಟು, ಜಲಾಶಯ ಮತ್ತು ಅಂತರ್ಜಲ ಎಷ್ಟು ಇಳಿದಿವೆ. ಇವೆಲ್ಲ ಸರಿಹೊಂದಿದ್ರೆ ಶೇ 10ರಷ್ಟು ಹಳ್ಳಿಗಳಿಗೆ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಹೋಗಿ ಹೊಲದಲ್ಲೇ ನಿಂತು ನೋಡ್ಬೇಕು. ಬೆಳೆ ನಷ್ಟ ಶೇ 33 ದಾಟಿದ್ರೆ ಸಾಧಾರಣ ಬರ, 50 ದಾಟಿದ್ರೆ ತೀವ್ರ ಬರ. ಮುಂಗಾರಿನ ಘೋಷಣೆ ಅಕ್ಟೋಬರ್ ಕೊನೆಯೊಳಗೆ ಆಗಬೇಕು. "ತೀವ್ರ" ಅನ್ನೋ ಪಟ್ಟಿಗೆ ಸೇರೋದು ಯಾಕೆ ಮುಖ್ಯ ಅಂದ್ರೆ ರಾಷ್ಟ್ರೀಯ ನಿಧಿಯಿಂದ ದುಡ್ಡು ಕೇಳೋ ದಾರಿ ತೆರೆಯೋದು ಅದಕ್ಕೇ.

ಧಾನ್ಯದ ಬೆಲೆ, ಸಾಲ ನಿಂತಿದ್ದು, ಜನ ಊರು ಬಿಟ್ಟಿದ್ದು, ಈ ಹಳೇ ಲಕ್ಷಣಗಳು ಎಲ್ಲಿ ಹೋದ್ವು? ಹೊಸ ಮೆಟ್ಟಿಲುಗಳಲ್ಲಿ ಅಳೆಯೋದೆಲ್ಲ ಮೋಡ, ಮಣ್ಣು, ಎಲೆ, ನೀರು. ಉಪಗ್ರಹಕ್ಕೆ ಬೆಂಗಳೂರು ಬಸ್ಸು ಹತ್ತೋ ಕುಟುಂಬ ಕಾಣಲ್ಲ.

ಭಾಗ 7

2023. ಇದನ್ನ ನಾವೆಲ್ಲ ನೋಡಿದ್ದೀವಿ, ಆದ್ರೂ ದಿನಾಂಕಗಳನ್ನ ಒಟ್ಟಿಗೆ ಇಟ್ಟು ನೋಡಿ.

ಆ ಆಗಸ್ಟ್ ಇಡೀ ದೇಶಕ್ಕೆ 1901ರಿಂದ ಈಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್. ನಮ್ಮೂರಲ್ಲಿ ಶೇಂಗಾ ಹೂ ಬಿಡೋ ಹೊತ್ತಿಗೆ ನೆಲ ಬಿರುಕು ಬಿಟ್ಟಿತ್ತು. ಆಗಸ್ಟ್ ಮಧ್ಯದಲ್ಲಿ ಸರ್ಕಾರ ಮೊದಲು 113 ತಾಲ್ಲೂಕುಗಳಲ್ಲಿ ಹೊಲಕ್ಕಿಳಿದು ಸಮೀಕ್ಷೆ ಮಾಡೋಕೆ ಹೇಳಿತು. ಸೆಪ್ಟೆಂಬರ್ 13ಕ್ಕೆ 195 ತಾಲ್ಲೂಕು ಬರಪೀಡಿತ ಅಂತ ಆದೇಶ: 161 ತೀವ್ರ, 34 ಸಾಧಾರಣ. ನವೆಂಬರ್ ಹೊತ್ತಿಗೆ ಒಟ್ಟು 236ರಲ್ಲಿ 223 ತಾಲ್ಲೂಕು, ಅದರಲ್ಲಿ 196 ತೀವ್ರ. ಅಂದ್ರೆ ಬರ ಇಲ್ಲದ ತಾಲ್ಲೂಕು ಬರೀ 13.

ಘೋಷಣೆ ಬೇಗನೇ ಆಯ್ತು ಅಂತ ಒಪ್ಪಲೇಬೇಕು, ಅಕ್ಟೋಬರ್ ಗಡುವಿಗಿಂತ ಮೊದಲೇ. ಸೆಪ್ಟೆಂಬರ್ 22ಕ್ಕೆ ಕೇಂದ್ರಕ್ಕೆ ಮನವಿ ಹೋಯ್ತು. ಅಕ್ಟೋಬರ್‌ನಲ್ಲಿ ಕೇಂದ್ರದ ತಂಡ ಬಂದು ನೋಡ್ಕೊಂಡು ಹೋಯ್ತು. ಆಮೇಲೆ? ಮೌನ. 2024ರ ಮಾರ್ಚಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಬಾಗಿಲು ತಟ್ಟಿತು. ಏಪ್ರಿಲ್ 27ಕ್ಕೆ 3,454 ಕೋಟಿ ರೂಪಾಯಿ ಬಿಡುಗಡೆ ಸುದ್ದಿ ಬಂತು. ನಮ್ಮ ರಾಜ್ಯದಲ್ಲಿ ಲೋಕಸಭೆ ಚುನಾವಣೆಯ ಒಂದು ಹಂತ ಮುಗಿದ ಮಾರನೇ ದಿನ. ಘೋಷಣೆಯಿಂದ ದುಡ್ಡಿಗೆ ಏಳೂವರೆ ತಿಂಗಳು. ಹಳೇ ಕಾಲದಲ್ಲಿ ಪೆನ್ನು ತಡ ಆಗ್ತಿತ್ತು, ಈಗ ಚೆಕ್ಕು. ಯಾವ ಪಕ್ಷದ ಸರ್ಕಾರ ಎಲ್ಲಿತ್ತು ಅಂತ ಜಗಳ ಶುರು ಮಾಡ್ಬೇಡಿ ಪ್ಲೀಸ್. 1877ರಲ್ಲೂ ಮದ್ರಾಸ್ ಮತ್ತು ಕಲ್ಕತ್ತದ ನಡುವೆ ಇದೇ ಜಗಳ, ಆಗ ಪಕ್ಷಗಳೇ ಇರ್ಲಿಲ್ಲ.

ನಂಗೆ ಹೆಚ್ಚು ಕಾಡಿದ್ದು ಮನವಿಯ ಒಳಗಿನ ಲೆಕ್ಕ. ರಾಜ್ಯ ಕೇಳಿದ್ದು 18,171.44 ಕೋಟಿ. ಬೆಳೆ ನಷ್ಟಕ್ಕೆ 4,663.12 ಕೋಟಿ. ಕುಡಿಯೋ ನೀರಿಗೆ 566.78 ಕೋಟಿ. ಜಾನುವಾರುಗಳಿಗೆ 363.68 ಕೋಟಿ. ಉಳಿದ 12,577.86 ಕೋಟಿ ಜೀವನೋಪಾಯ ಕಳ್ಕೊಂಡ ಕುಟುಂಬಗಳಿಗೆ. ಅದರ ತಲೆಬರಹ ಏನು ಗೊತ್ತಾ? ಗ್ರ್ಯಾಚುಯಿಟಸ್ ರಿಲೀಫ್. 1880ರ ದಶಕದ ಅದೇ ಪದ.

ಕ್ಯಾಲ್ಕುಲೇಟರ್ ತಗೊಂಡೆ. ಕೇಳಿದ್ದರಲ್ಲಿ ಶೇ 69 ಈ ಕುಟುಂಬಗಳ ಹೆಸರಲ್ಲಿ. ಕುಡಿಯೋ ನೀರಿನ ಪಾಲು ಶೇ 3. ಒಟ್ಟು ಬಂದಿದ್ದು ಕೇಳಿದ್ದರ ಶೇ 19, ಬರೀ ಬೆಳೆ ನಷ್ಟದ ಬಾಬ್ತಿಗೂ ಸಾಲಲ್ಲ.

ನೀರಿನ ವಿಷಯದಲ್ಲಿ ಒಂದು ಮಾತು. ಟೀವೀಲಿ ಬರ ಅಂದ್ರೆ ಖಾಲಿ ಕೊಡದ ಸಾಲು ತೋರಿಸ್ತಾರೆ. ಆದ್ರೆ ಬರ ಘೋಷಣೆಯ ಯಂತ್ರ ಕಟ್ಟಿರೋದು ಹೊಲಕ್ಕೆ, ಕೊಡಕ್ಕಲ್ಲ. ಕೊಡದ ಕೆಲಸ ತಾಲ್ಲೂಕಿನಲ್ಲಿ ನಡೆಯುತ್ತೆ. ಶಾಸಕರ ಅಧ್ಯಕ್ಷತೆಯಲ್ಲಿ ಟಾಸ್ಕ್‌ಫೋರ್ಸ್, ಜಿಲ್ಲಾಧಿಕಾರಿ ಖಾತೆಯಲ್ಲಿ ದುಡ್ಡು, ತಹಶೀಲ್ದಾರ್ ಕೈಲಿ ಟ್ಯಾಂಕರ್. ಖಾಸಗಿ ಬೋರ್‌ವೆಲ್ ಬಾಡಿಗೆಗೆ ಹಿಡಿದು ಊರಿಗೆ ನೀರು ಬಿಡಿಸೋದು. ನಮ್ಮೂರಲ್ಲಿ ಆ ಬೇಸಿಗೆ ಹಾಗೇ ನೀರು ಬಂತು, ಎರಡು ದಿನಕ್ಕೊಮ್ಮೆ, ಒಬ್ಬರ ಅಡಿಕೆ ತೋಟದ ಬೋರಿಂದ. ಅದು ಕೆಲಸ ಮಾಡಿತು, ಸುಳ್ಳು ಹೇಳಲ್ಲ.

ನಾನಿದ್ದ ಬೆಂಗಳೂರಿನ ಪೀಜಿಯಲ್ಲಿ ಅದಕ್ಕಿಂತ ಕಷ್ಟ ಇತ್ತು. ಮಾರ್ಚಲ್ಲಿ ಬಾಗಿಲಿಗೆ ಚೀಟಿ: ಒಬ್ಬರಿಗೆ ದಿನಕ್ಕೆ ಒಂದೂವರೆ ಬಕೆಟ್. ಊರು ಬಿಟ್ಟು ಬಂದಿದ್ದು ನೀರಿರೋ ಕಡೆಗೆ ಅನ್ಕೊಂಡಿದ್ದೆ! ನಗರಕ್ಕೆ ಆಗ ಬಳಸಿದ್ದು ಬೇರೆ ಆಯುಧ. ಜಲಮಂಡಳಿ ತನ್ನ 1964ರ ಕಾಯ್ದೆ ತೆಗೆದು, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ, ಗಿಡಕ್ಕೆ ಹಾಕಿದ್ರೆ, ಕಾರಂಜಿ ಬಿಟ್ರೆ 5,000 ರೂಪಾಯಿ ದಂಡ ಅಂತು. ಮೊದಲ ಕೆಲವು ದಿನದಲ್ಲಿ 22 ಮನೆಗಳಿಂದ 1.1 ಲಕ್ಷ ವಸೂಲಾಯ್ತು. ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತು, 5 ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600, 12,000 ಲೀಟರ್‌ಗೆ 1,000. ಅದೇ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರು ಸೇರಿದ ಮೇಲೆ ಆ ಚೀಟಿಗಳೆಲ್ಲ ಮರೆತುಹೋದ್ವು.

ಭಾಗ 8

ಈಗ ಅಜ್ಜಿಯ ಪ್ರಶ್ನೆ. ನಮ್ಮನೇಗೆ ಯಾಕೆ ಏನೂ ಬರ್ಲಿಲ್ಲ?

ನಮ್ಮಪ್ಪ ಉಳುವ ಮೂರು ಎಕರೆ ನಮ್ಮದಲ್ಲ. ಊರಿನವರೇ ಒಬ್ಬರದ್ದು, ಅವರು ಈಗ ಪೇಟೆಯಲ್ಲಿದ್ದಾರೆ. ವರ್ಷಕ್ಕಿಷ್ಟು ಅಂತ ಗುತ್ತಿಗೆ, ಬಾಯಿಮಾತಿನ ಒಪ್ಪಂದ. ಬರೆದುಕೊಟ್ಟಿಲ್ಲ, ಬರೆದುಕೊಡೋಕೂ ಅವರಿಗೆ ಭಯ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು. ಉಳುವವನಿಗೆ ಭೂಮಿ ಸಿಗಲಿ ಅಂತ ತಂದ ಕಾನೂನು ಅದು, ಲಕ್ಷಾಂತರ ಜನಕ್ಕೆ ಸಿಕ್ತು ಕೂಡ. ಆದ್ರೆ ಆಮೇಲೆ ಗುತ್ತಿಗೆಗೆ ಉಳೋರು ಕಾಗದದಿಂದಲೇ ಮಾಯ ಆದ್ರು. ಕಾನೂನಿನ ಪ್ರಕಾರ ಗೇಣಿದಾರರು ಇಲ್ಲ, ಹಾಗಾಗಿ ನಮ್ಮಪ್ಪನೂ ಇಲ್ಲ.

ಬೆಳೆ ಪರಿಹಾರ ಹೋಗೋದು ಪಹಣಿಯಲ್ಲಿ ಹೆಸರಿರೋರ ಖಾತೆಗೆ. ಫ್ರೂಟ್ಸ್ ತಂತ್ರಾಂಶದಲ್ಲಿ ಗುರುತಿನ ಸಂಖ್ಯೆ ಇದ್ದು, ಪಹಣಿ, ಆಧಾರ್, ಬ್ಯಾಂಕ್ ಖಾತೆ ಸೇರಿಸಿದ್ರೆ ದುಡ್ಡು ತಾನಾಗೇ ಬರುತ್ತೆ. ನಡುವೆ ಯಾರೂ ಕೈ ಹಾಕೋಕಾಗಲ್ಲ, ಅದು ನಿಜಕ್ಕೂ ಒಳ್ಳೆಯದೇ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರ್‌ಗೆ 8,500 ರೂಪಾಯಿ, ಎರಡು ಹೆಕ್ಟೇರ್‌ವರೆಗೆ. ಮೂರು ಎಕರೆಗೆ ಲೆಕ್ಕ ಹಾಕಿದ್ರೆ 10,300 ರೂಪಾಯಿ ಆಸುಪಾಸು. ಮೊದಲ ಕಂತಿನ 2,000 ಆಮೇಲಿನ ಕಂತು ಎಲ್ಲ ಸೇರಿ. ಬೀಜ, ಗೊಬ್ಬರ, ಆಳು, ಟ್ರ್ಯಾಕ್ಟರ್ ನಮ್ಮಪ್ಪನ ಜೇಬಿಂದ, ಪರಿಹಾರ ಹೊಲದ ಯಜಮಾನರ ಖಾತೆಗೆ.

ಅವರನ್ನ ಕೆಟ್ಟವರು ಅನ್ನೋಕಾಗಲ್ಲ. ದುಡ್ಡು ಬಿದ್ದಿದೆ ಅಂತ ಅವರೇ ಫೋನ್ ಮಾಡಿ ಹೇಳಿದ್ರು, ಅರ್ಧ ಈ ವರ್ಷದ ಗುತ್ತಿಗೆಯಲ್ಲಿ ಹಿಡ್ಕೋ ಅಂದ್ರು. ಅಪ್ಪ ಹೂಂ ಅಂದ್ರು. ಅಪ್ಪ ಯಾವಾಗಲೂ ಹೂಂ ಅನ್ನೋರೇ. ನಂಗೆ ಸಿಟ್ಟು ಬಂತು. ಅರ್ಧ ಯಾಕೆ, ಯಾವ ಲೆಕ್ಕದಲ್ಲಿ ಅರ್ಧ ಅಂತ ಕೇಳಿದ್ದಕ್ಕೆ "ನೀನು ಓದ್ಕೋ ಹೋಗವ್ವ" ಅಂದ್ರು.

ಆಮೇಲೆ ಕೂತು ಯೋಚನೆ ಮಾಡಿದೆ. ಕಲ್ಲು ಒಡೆಸಿ ಹಸಿವು ಅಳೆಯೋ ಪದ್ಧತಿ ವಾಪಸ್ ಬರಲಿ ಅಂತ ಯಾರೂ ಕೇಳಲ್ಲ, ನಾನೂ ಕೇಳಲ್ಲ. ಆ ಬುಟ್ಟಿ ಹೊತ್ತು ಅಜ್ಜಿಯ ಕತ್ತು ಇವತ್ತಿಗೂ ನೋಯುತ್ತೆ. ಅದಕ್ಕೆ ಹತ್ತಿರದ್ದು ನರೇಗಾ ಆಗಿತ್ತು. ಬರಪೀಡಿತ ಅಂತ ಘೋಷಿಸಿದ ಕಡೆ 100 ದಿನದ ಕೆಲಸವನ್ನ 150ಕ್ಕೆ ಏರಿಸೋ ಅವಕಾಶ ಅದರಲ್ಲಿತ್ತು. 2023ರಲ್ಲಿ ರಾಜ್ಯ ಅದನ್ನೂ ಕೇಳಿತ್ತು. ಅದರಲ್ಲಿ ಪಹಣಿ ಬೇಡ, ಜಾಬ್ ಕಾರ್ಡ್ ಸಾಕು. ಅಮ್ಮ ಆ ಬೇಸಿಗೆ ಕೆಲಸಕ್ಕೆ ಹೋಗಿದ್ರು, ಇದೇ ಕೆರೆ ಹೂಳಿಗೆ. ಮೊದಲ ಫೋಟೊವನ್ನ ಮತ್ತೊಮ್ಮೆ ನೋಡಿ. ಅಜ್ಜಿ ಕೈ ತೋರಿಸ್ತಿರೋ ಕಡೆ, ತೂಬಿನ ಎಡಗಡೆ ಸಾಲಾಗಿ ತೆಗೆದ ಗುಂಡಿಗಳಿವೆ. ಅತ್ತೆ 1972ರಲ್ಲಿ ತೆಗೆದಿದ್ದ ಹೂಳು ಮತ್ತೆ ತುಂಬಿತ್ತು, ಅದನ್ನ 2024ರಲ್ಲಿ ಸೊಸೆ ತೆಗೆದಿದ್ದು.

ಆ ವರ್ಷ ಮಳೆ ಚೆನ್ನಾಗಿ ಆಯ್ತು, ಗುಂಡಿ ಮುಳುಗಿದ್ವು. ಕೊನೆಯ ಫೋಟೊ ಅದೇ ಅಕ್ಟೋಬರಿನದ್ದು.

ಈ ಯುಗಾದಿಗೆ ಹೊಲದ ಯಜಮಾನರು ಊರಿಗೆ ಬಂದಿದ್ರು. ಬೇವು ಬೆಲ್ಲ ತಿಂದು, ಕಾಫಿ ಕುಡಿದು ಹೊಸ ವರ್ಷದ ಗುತ್ತಿಗೆ ಮಾತಾಡಿದ್ರು. ಒಂದು ಹಾಳೆ ಮೇಲೆ ಬರ್ಕೊಳ್ಳೋಣ ಅಂಕಲ್, ಬರ ಬಂದ್ರೆ ಪರಿಹಾರ ಯಾರಿಗೆ ಎಷ್ಟು ಅಂತ ನಾನೇ ಬರೀತೀನಿ ಅಂದೆ. ಅವರು ನಕ್ಕು "ಕಾಮರ್ಸ್ ಓದಿಸಿದ್ದು ತಪ್ಪಾಯ್ತು ನೋಡು" ಅಂತ ಅಪ್ಪನ ಮುಖ ನೋಡಿದ್ರು. ಅಪ್ಪ ನನ್ನ ಮುಖ ನೋಡಿದ್ರು. ಹಾಳೆ ಹಾಗೇ ಇದೆ, ನನ್ನ ನೋಟ್‌ಬುಕ್ಕಲ್ಲಿ. ದಿನಾಂಕ ಬರೆದಿದ್ದೀನಿ, ಕೆಳಗೆ ಎರಡು ಸಹಿಗೆ ಜಾಗ ಬಿಟ್ಟಿದ್ದೀನಿ.

#ಬರಗಾಲ #ಧಾತುಬರ #ಚಳ್ಳಕೆರೆ #ನಮ್ಮೂರಕೆರೆ #ಇತಿಹಾಸ